ಮಿದುಳು ರೇಡಿಯೋ ಅಲ್ಲ

ಮನಸ್ಸು ಮಿದುಳಿನ ಕೆಲಸ ಎಂದು ಯಾವ ಸಭೆಯಲ್ಲಾದರೂ ಹೇಳಿ ನೋಡಿ. ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಬಹಳ ವಿನಯದಿಂದ, ಒಂದು ರೇಡಿಯೋ ತಂದು ನಿಮ್ಮ ಮುಂದೆ ಇಡುತ್ತಾರೆ. "ರೇಡಿಯೋ ಒಡೆದರೆ ಹಾಡು ನಿಲ್ಲುತ್ತದೆ ಸಾರ್, ಒಪ್ಪಿದೆ. ಹಾಗಂತ ಹಾಡು ರೇಡಿಯೋದೊಳಗೆ ಹುಟ್ಟಿತಾ? ಹಾಡಿದವರು ಬೇರೆ ಎಲ್ಲೋ ಇದ್ದಾರಲ್ಲ?" ಸಭೆ ತಲೆದೂಗುತ್ತದೆ. ಪ್ರವಚನದಲ್ಲಿ ಇದೇ ರೇಡಿಯೋ, ಯೋಗ ಶಿಬಿರದಲ್ಲೂ ಇದೇ ರೇಡಿಯೋ. ಈಚೆಗೆ ನಿವೃತ್ತ ಇಂಜಿನಿಯರುಗಳು ಅದನ್ನು ಮೊಬೈಲು, ಕ್ಲೌಡು ಎಂದು ತಿದ್ದಿಕೊಂಡಿದ್ದಾರೆ, ಅಷ್ಟೆ. ಮಿದುಳು ಬರೀ ಯಂತ್ರ. ಮನಸ್ಸು ಅದರಾಚೆಯ ಇನ್ನೇನೋ. ಅದು ಮಿದುಳಿನ ಮೂಲಕ ಪ್ರಸಾರವಾಗುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ನಮ್ಮ ಓದಿದ ವರ್ಗದ ಮತ ಇದು. ದೇವರನ್ನು ನಂಬದವರೂ ಇದನ್ನು ನಂಬುತ್ತಾರೆ.

ಈ ವಾದಕ್ಕೆ ಇಷ್ಟು ಮರ್ಯಾದೆ ಸಿಗಲು ಒಂದು ಕಾರಣವಿದೆ. ತನ್ನನ್ನು ಯಾರೂ ಸೋಲಿಸಲಾರರು ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಲಕ್ವಾ ಹೊಡೆದು ಮಾತು ಹೋಯಿತೇ? ಯಂತ್ರ ಕೆಟ್ಟಿತು, ಪ್ರಸಾರ ನಡೆದೇ ಇದೆ. ಮುಪ್ಪಿನಲ್ಲಿ ನೆನಪು ಹೋಯಿತೇ? ಅದಕ್ಕೂ ಅದೇ ಉತ್ತರ. ಆದರೆ ಹೋಲಿಕೆಯನ್ನು ತಂದವರು ಅದಕ್ಕೆ ಬದ್ಧರಾಗಿರಬೇಕು. ರೇಡಿಯೋ ಕೆಟ್ಟಾಗ ನಿಜವಾಗಿ ಏನಾಗುತ್ತದೆ ಎಂದು ಕೇಳೋಣ. ಗೊರಗೊರ ಸದ್ದು ಬರುತ್ತದೆ, ದನಿ ಕ್ಷೀಣವಾಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಕೆಪಾಸಿಟರ್ ಸುಟ್ಟುಹೋಯಿತೆಂದು ಪ್ರದೇಶ ಸಮಾಚಾರದಲ್ಲಿ ಮುಖ್ಯಮಂತ್ರಿ ಬದಲಾಗುವುದಿಲ್ಲ. ವಾರ್ತೆ ಓದುವವರು ಇದ್ದಕ್ಕಿದ್ದಂತೆ ಜೂಜಿನ ಹುಚ್ಚು ಹಿಡಿಸಿಕೊಳ್ಳುವುದಿಲ್ಲ. ಪ್ರಸಾರ ಬೇರೆ ಕಡೆಯಿಂದ ಬರುತ್ತಿರುವುದಾದರೆ, ಪೆಟ್ಟಿಗೆಯೊಳಗೆ ಏನು ಕೆಟ್ಟರೂ ಕೆಡುವುದು ಸ್ಪಷ್ಟತೆ ಮಾತ್ರ. ಹೇಳುವ ವಿಷಯ ಹಾಗೇ ಇರಬೇಕು. ಮಿದುಳಿನ ವಿಚಾರದಲ್ಲಿ ಹಾಗೆ ಇದೆಯೇ?

2000ನೇ ಇಸವಿಯಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ 40 ವರ್ಷದ ಒಬ್ಬ ಶಾಲಾ ಶಿಕ್ಷಕ. ಅಲ್ಲಿಯವರೆಗೆ ಅಂಥ ಯಾವ ದೂರೂ ಇಲ್ಲದ ಮನುಷ್ಯ. ಅವನಿಗೆ ಮಕ್ಕಳ ಅಶ್ಲೀಲ ಚಿತ್ರಗಳನ್ನು ಕೂಡಿಡುವ ಚಟ ಶುರುವಾಯಿತು. ಕೊನೆಗೆ ಮಲಮಗಳ ಮೇಲೇ ಕೈ ಹಾಕಲು ಹೋದ. ಹೆಂಡತಿ ಮನೆಯಿಂದ ಹೊರಗೆ ಹಾಕಿದಳು, ನ್ಯಾಯಾಲಯ ತಪ್ಪಿತಸ್ಥನೆಂದಿತು. ಶಿಕ್ಷೆ ಪ್ರಕಟವಾಗುವ ಹಿಂದಿನ ರಾತ್ರಿ ವಿಪರೀತ ತಲೆನೋವೆಂದು ಆಸ್ಪತ್ರೆಗೆ ಬಂದ. ನಡಿಗೆ ತೂರಾಡುತ್ತಿತ್ತು, ಗಡಿಯಾರದ ಚಿತ್ರ ಬರೆಯಲು ಬರುತ್ತಿರಲಿಲ್ಲ. ಸ್ಕ್ಯಾನ್ ಮಾಡಿದರೆ ಬಲಗಣ್ಣಿನ ಗೂಡಿನ ಮೇಲ್ಗಡೆ, ಮಿದುಳಿನ ಮುಂಭಾಗದಲ್ಲಿ ದೊಡ್ಡ ಗೆಡ್ಡೆ. ಗೆಡ್ಡೆ ತೆಗೆದರು, ಚಟ ಹೋಯಿತು, ಮನುಷ್ಯ ಮನೆಗೆ ಮರಳಿದ. ಮರುವರ್ಷ ತಲೆನೋವು ಮತ್ತೆ ಬಂತು, ಚಿತ್ರ ಕೂಡಿಡುವುದೂ ಮತ್ತೆ ಶುರುವಾಯಿತು. ನೋಡಿದರೆ ಗೆಡ್ಡೆ ಮರಳಿ ಬೆಳೆದಿತ್ತು. ಎರಡನೇ ಸಲ ತೆಗೆದರು, ಎರಡನೇ ಸಲವೂ ಚಟ ಹೋಯಿತು. 2003ರಲ್ಲಿ ವೈದ್ಯರು ಇದನ್ನು ಪ್ರಕಟಿಸಿದರು. ಅವನಿಗೆ ಶಿಕ್ಷೆ ಎಷ್ಟಾಗಬೇಕಿತ್ತು ಎಂಬುದು ನ್ಯಾಯಾಲಯದ ಪ್ರಶ್ನೆ, ಅದಕ್ಕೆ ನಾನು ಹೋಗುವುದಿಲ್ಲ. ನನ್ನ ಪ್ರಶ್ನೆ ರೇಡಿಯೋದವರಿಗೆ. ಇಲ್ಲಿ ಕೆಟ್ಟದ್ದು ಸ್ಪಷ್ಟತೆಯೇ? ತಾನು ಮಾಡುತ್ತಿರುವುದು ತಪ್ಪೆಂದು ಅವನಿಗೆ ಗೊತ್ತಿತ್ತು, ತಡೆದುಕೊಳ್ಳಲು ಆಗುತ್ತಿರಲಿಲ್ಲ. ಬಯಕೆ, ಸಂಯಮ, ಲಜ್ಜೆ ಎಲ್ಲವೂ ಗೆಡ್ಡೆಯ ಜೊತೆ ಏರಿ ಗೆಡ್ಡೆಯ ಜೊತೆ ಇಳಿದವು. ಇದಕ್ಕಿಂತ ಒಳಗಿನದು ಮನಸ್ಸಿನಲ್ಲಿ ಇನ್ನೇನಿದೆ?

ಪಾರ್ಕಿನ್ಸನ್ ಕಾಯಿಲೆಯವರಿಗೆ ಕೊಡುವ ಪ್ರಾಮಿಪೆಕ್ಸೋಲ್ ಎಂಬ ಮಾತ್ರೆಯ ಕಥೆಯೂ ಹೀಗೆಯೇ. ಡೋಪಮೈನ್ ಮಾಡುವ ಕೆಲಸವನ್ನು ಅದು ಮಾಡುತ್ತದೆ, ಕೈನಡುಕ ಇಳಿಯುತ್ತದೆ. ಕೆಲವರಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಜನ್ಮದಲ್ಲಿ ಇಸ್ಪೀಟು ಮುಟ್ಟದ ಹಿರಿಯರು ಜೂಜಿಗೆ ಬಿದ್ದು ಮನೆ ಕಳೆದುಕೊಂಡಿದ್ದಾರೆ. ಮಾತ್ರೆ ಕಡಿಮೆ ಮಾಡಿದರೆ ಜೂಜು ಬಿಡುತ್ತಾರೆ. ಕಾಪ್‌ಗ್ರಾ ಎಂಬ ಫ್ರೆಂಚ್ ವೈದ್ಯನ ಹೆಸರಿನ ಇನ್ನೊಂದು ತೊಂದರೆಯಿದೆ. 1923ರಲ್ಲಿ ಆತ ವರದಿ ಮಾಡಿದ್ದು. ರೋಗಿಗೆ ಹೆತ್ತವರ ಗುರುತು ಸಿಗುತ್ತದೆ, ಮುಖ ಅದೇ ಎಂದು ಒಪ್ಪುತ್ತಾನೆ, ಆದರೆ ಇವರು ನನ್ನ ಅಪ್ಪ ಅಮ್ಮ ಅಲ್ಲ, ಅವರ ವೇಷ ಹಾಕಿಕೊಂಡು ಬಂದ ಯಾರೋ ಎಂದು ಹಠ ಹಿಡಿಯುತ್ತಾನೆ. ಮದರಾಸಿನಲ್ಲಿ ವೈದ್ಯಕೀಯ ಓದಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ಒಬ್ಬ ಯುವಕನಲ್ಲಿ ಇದನ್ನು ನೋಡಿದರು. ಎದುರಿಗೆ ನಿಂತ ಅಮ್ಮ ಸುಳ್ಳು. ಪಕ್ಕದ ಕೋಣೆಯಿಂದ ಫೋನ್ ಮಾಡಿದರೆ ಅದೇ ಅಮ್ಮ ನಿಜ. ಅವರ ವಿವರಣೆ ಸರಳ: ಮುಖವನ್ನು ಗುರುತಿಸುವ ಭಾಗದಿಂದ ಅಕ್ಕರೆ ಹುಟ್ಟಿಸುವ ಭಾಗಕ್ಕೆ ಹೋಗುವ ದಾರಿ ಕಡಿದಿದೆ, ಕಿವಿಯ ದಾರಿ ಉಳಿದಿದೆ. ತಾಯಿಯ ಮೇಲಿನ ಮಮತೆಗೂ ಒಂದು ದಾರಿಯಿದೆ, ಅದನ್ನು ಕಡಿಯಬಹುದು ಎಂಬುದು ಕೇಳಲು ಹಿತವಲ್ಲ. ಹಿತವಲ್ಲದ್ದೆಲ್ಲ ಸುಳ್ಳಾಗಬೇಕೆಂದೇನೂ ಇಲ್ಲವಲ್ಲ.

ಇನ್ನು ಮನಸ್ಸು ಒಂದೇ, ಅಖಂಡ, ಮಿದುಳು ಮಾತ್ರ ತುಂಡು ತುಂಡಾದ ಯಂತ್ರ ಎನ್ನುವವರಿಗೆ ಒಂದು ಪ್ರಯೋಗವನ್ನು ನಿಧಾನವಾಗಿ ವಿವರಿಸಬೇಕು. ಮಿದುಳಿನ ಎಡ ಬಲ ಅರ್ಧಗಳನ್ನು ಕೂಡಿಸುವ ನರತಂತುಗಳ ದಪ್ಪ ಪಟ್ಟಿಯೊಂದಿದೆ. ಅದರಲ್ಲಿ ಸುಮಾರು 20 ಕೋಟಿ ತಂತುಗಳು. ಯಾವ ಔಷಧಿಗೂ ಬಗ್ಗದ ಮೂರ್ಛೆರೋಗದಲ್ಲಿ ಫಿಟ್ಸ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡದಿರಲಿ ಎಂದು ಆ ಪಟ್ಟಿಯನ್ನು ಕತ್ತರಿಸುತ್ತಿದ್ದರು. ಅಂಥವರನ್ನು ಪರೀಕ್ಷಿಸಿ ರೋಜರ್ ಸ್ಪೆರಿ 1981ರಲ್ಲಿ ನೊಬೆಲ್ ಪಡೆದ. ಅವನ ಶಿಷ್ಯ ಮೈಕೆಲ್ ಗಜಾನಿಗ ಮಾಡಿದ ಪರೀಕ್ಷೆ ಇದು. ರೋಗಿ ಪರದೆಯ ನಡುವಿನ ಚುಕ್ಕೆಯನ್ನೇ ದಿಟ್ಟಿಸಿ ಕೂತಿದ್ದಾನೆ. ಬಲಗಡೆ ಕ್ಷಣಮಾತ್ರ ಕೋಳಿಕಾಲಿನ ಚಿತ್ರ. ಅದು ತಲುಪುವುದು ಎಡ ಅರ್ಧಕ್ಕೆ, ಮಾತು ಇರುವುದು ಅಲ್ಲಿ. ಅದೇ ಕ್ಷಣಕ್ಕೆ ಎಡಗಡೆ ಹಿಮ ಬಿದ್ದ ಮನೆಯಂಗಳ. ಅದು ತಲುಪುವುದು ಮಾತಿಲ್ಲದ ಬಲ ಅರ್ಧಕ್ಕೆ. ಮುಂದೆ ಒಂದಿಷ್ಟು ಚಿತ್ರಗಳನ್ನು ಹರಡಿ, ಹೊಂದುವುದನ್ನು ತೋರಿಸು ಎಂದರು. ಬಲಗೈ ಕೋಳಿಯನ್ನು ತೋರಿಸಿತು. ಎಡಗೈ ಸಲಿಕೆಯನ್ನು ತೋರಿಸಿತು. ಎರಡೂ ಸರಿಯೇ. ಯಾಕೆ ಸಲಿಕೆ ಎಂದು ಕೇಳಿದಾಗ ಉತ್ತರ ಕೊಡಬೇಕಾದದ್ದು ಹಿಮವನ್ನೇ ಕಾಣದ ಎಡ ಅರ್ಧ. ಅದು ಗೊತ್ತಿಲ್ಲ ಎನ್ನಲಿಲ್ಲ. ಕೋಳಿಕಾಲಿಗೆ ಕೋಳಿ ಸರಿ, ಕೋಳಿಗೂಡು ಚೊಕ್ಕಟ ಮಾಡಲು ಸಲಿಕೆ ಬೇಕಲ್ಲ, ಎಂದಿತು. ಒಂದಿಷ್ಟೂ ತಡವರಿಸದೆ.

ಅಲ್ಲಿ ಎರಡು ಪ್ರಜ್ಞೆಗಳಿವೆ ಎನ್ನಬೇಕೋ ಬೇಡವೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ಒಬ್ಬನಿಗೆ ಗೊತ್ತಿರುವುದು ಅವನಿಗೇ ಗೊತ್ತಿಲ್ಲದ ಹಾಗೆ ಮಾಡಲು ಒಂದು ಕತ್ತರಿ ಸಾಕಾಯಿತು ಎಂಬುದರಲ್ಲಿ ಚರ್ಚೆಯಿಲ್ಲ. ಪ್ರಸಾರ ಒಂದೇ ಆಗಿದ್ದರೆ, ಎಡ ಅರ್ಧಕ್ಕೆ ಸಿಗದ ಹಿಮದ ಸುದ್ದಿ ಆ ಮೇಲಿನ ನಿಲಯದಲ್ಲಾದರೂ ಇರಬೇಕಿತ್ತಲ್ಲ? ಅಲ್ಲಿಂದ ಕೇಳಿ ತಿಳಿದುಕೊಳ್ಳುವ ಬದಲು ಕೋಳಿಗೂಡಿನ ಕಥೆ ಕಟ್ಟುವ ಗರಜು ಏನಿತ್ತು?

ಈ ಹಂತದಲ್ಲಿ ಸಾಮಾನ್ಯವಾಗಿ ಹೆಸರುಗಳು ಬರುತ್ತವೆ. ನೊಬೆಲ್ ಪಡೆದ ಜಾನ್ ಎಕಲ್ಸ್ ಒಪ್ಪಿದ್ದಾನೆ, ವೈಲ್ಡರ್ ಪೆನ್‌ಫೀಲ್ಡ್ ಒಪ್ಪಿದ್ದಾನೆ, ನೀವು ಯಾವ ದೊಡ್ಡ ಮನುಷ್ಯ? ನಿಜ, ಇಬ್ಬರೂ ದೊಡ್ಡವರು, ಇಬ್ಬರೂ ಮನಸ್ಸು ಬೇರೆ ಎಂದವರು. ಮಾಂಟ್ರಿಯಾಲ್‌ನ ಶಸ್ತ್ರವೈದ್ಯ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ತು ಮುಟ್ಟಿಸಿ ನೋಡುತ್ತಿದ್ದ. ಕೈ ತಾನಾಗಿ ಏಳುತ್ತಿತ್ತು. ರೋಗಿ, ಇದನ್ನು ಮಾಡಿದ್ದು ನಾನಲ್ಲ, ನೀವು ಎನ್ನುತ್ತಿದ್ದ. ಕೈಯನ್ನು ಎತ್ತಿಸಬಹುದು, ಎತ್ತಬೇಕೆಂಬ ಇಚ್ಛೆಯನ್ನು ಹುಟ್ಟಿಸಲಾಗದು, ಆದ್ದರಿಂದ ಇಚ್ಛೆ ಮಿದುಳಿನಲ್ಲಿಲ್ಲ ಎಂಬುದು 1975ರಲ್ಲಿ ಅವನು ಬರೆದ ಪುಸ್ತಕದ ವಾದದಲ್ಲಿ ಮುಖ್ಯವಾದ ಎಳೆ. ಆ ಕಾಲಕ್ಕೆ ಅದು ಪ್ರಾಮಾಣಿಕ ವಾದವೇ. 2009ರಲ್ಲಿ ಫ್ರಾನ್ಸಿನ ಡೆಮರ್ಜೆ, ಸಿರಿಗು ಮತ್ತು ಸಂಗಡಿಗರು ಏಳು ರೋಗಿಗಳಲ್ಲಿ ಬೇರೆ ಜಾಗವನ್ನು, ಮಿದುಳಿನ ಹಿಂಬದಿಯ ಪಾರ್ಶ್ವವನ್ನು, ಮುಟ್ಟಿದರು. ಕೈ ಏಳಲಿಲ್ಲ. ಕೈ ಆಡಿಸಬೇಕು ಎಂಬ ಆಸೆ ಎದ್ದಿತು. ವಿದ್ಯುತ್ತು ಹೆಚ್ಚಿಸಿದಾಗ, ಆಡಿಸಿಯೇ ಬಿಟ್ಟೆ ಎಂದು ರೋಗಿಗಳು ನಂಬಿದರು. ಸ್ನಾಯು ಒಂದಿಷ್ಟೂ ಮಿಸುಕಿರಲಿಲ್ಲ. ಪೆನ್‌ಫೀಲ್ಡ್ ಇಲ್ಲ ಎಂದಿದ್ದ ಬಾಗಿಲು ಇತ್ತು, ಆತ ತಟ್ಟಿದ್ದು ಪಕ್ಕದ ಬಾಗಿಲನ್ನು. ನಮ್ಮ ಸಭೆಗಳಲ್ಲಿ 1975ರ ಪುಸ್ತಕ ಉಳಿದಿದೆ, 2009ರ ಪ್ರಯೋಗ ಇನ್ನೂ ತಲುಪಿಲ್ಲ.

ಇದೆಲ್ಲ ಹೊರದೇಶದ ಕಥೆ ಎನ್ನುವವರು ಮಂಡ್ಯ, ಮೈಸೂರು, ಚಾಮರಾಜನಗರದ ಕಡೆಯ ಬಚ್ಚಲುಮನೆಗೆ ಬರಬೇಕು. ಒಲೆಯ ಮೇಲೆ ಹಂಡೆ, ಹಂಡೆಯಲ್ಲಿ ಹೊಗೆಯಾಡುವ ನೀರು. ಎಣ್ಣೆ ಹಚ್ಚಿ ಕೂರಿಸಿದ ಹುಡುಗನ ನೆತ್ತಿಯ ಮೇಲೆ ತಾಯಿ ಚೊಂಬು ಚೊಂಬಾಗಿ ಸುರಿಯುತ್ತಾಳೆ. ನಾಲ್ಕಾರು ಚೊಂಬಿನ ಮೇಲೆ ಹುಡುಗನ ಕಣ್ಣು ನೆಟ್ಟಗಾಗುತ್ತದೆ. ಮುಖದಲ್ಲಿ ಭಯ. ಇಲ್ಲದ್ದು ಕಾಣುತ್ತದೆ, ಯಾರದೋ ದನಿ ಕೇಳುತ್ತದೆ, ಸಂಬಂಧವಿಲ್ಲದ ಮಾತು ಬಾಯಿಗೆ ಬರುತ್ತದೆ. ಕೆಲವರಿಗೆ ಅಲ್ಲಿಗೇ ನಿಲ್ಲುತ್ತದೆ, ಕೆಲವರು ಸೆಟೆದು ಬೀಳುತ್ತಾರೆ. ಮನೆಯವರು ಗಾಳಿ ಸೋಕಿತು, ಬಚ್ಚಲ ಮೂಲೆಯಲ್ಲಿ ಏನೋ ಇದೆ ಎಂದುಕೊಂಡರೆ ಅವರನ್ನು ದೂರುವುದು ಹೇಗೆ? ಅಲ್ಲಿ ಮಾತ್ರ ಬರುತ್ತದೆ, ತಲೆಗೆ ನೀರು ಹಾಕಿದ ದಿನ ಮಾತ್ರ ಬರುತ್ತದೆ. ದೆವ್ವಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣ ಬೇಕೇ?

ಬೆಂಗಳೂರಿನ ನರವೈದ್ಯ ಕೆ. ಎಸ್. ಮಣಿ 1960ರ ದಶಕದ ಕೊನೆಯಲ್ಲಿ, ಆಮೇಲೆ ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ ಇದರ ಬೆನ್ನುಹತ್ತಿದರು. ಇದು ಬಿಸಿನೀರಿನ ಮೂರ್ಛೆ. ದಕ್ಷಿಣ ಕರ್ನಾಟಕದಲ್ಲಿ ಕಾಣುವಷ್ಟು ಇದು ಜಗತ್ತಿನ ಬೇರೆಡೆ ಕಾಣುವುದು ಕಡಿಮೆ. ನೆತ್ತಿಗೆ ಬಹಳ ಬಿಸಿನೀರನ್ನು ಒಂದೇ ಸಮನೆ ಸುರಿಯುವ ನಮ್ಮ ಪದ್ಧತಿಗೂ ಇದಕ್ಕೂ ನಂಟಿದೆ, ವಂಶವಾಹಿಯ ಪಾಲೂ ಇದೆ. ಮದ್ದು? ನೀರನ್ನು ಉಗುರುಬೆಚ್ಚಗೆ ಮಾಡಿ, ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಸಿನೀರೇ ಬೇಕೆಂದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೊಬಜಾಮ್ ಎಂಬ ಮಾತ್ರೆ. ಬಹುಪಾಲು ಜನಕ್ಕೆ ಅಷ್ಟೇ ಸಾಕು. ತಾಯಿತ, ಕೋಳಿ, ಮಂತ್ರವಾದಿ ಯಾವುದಕ್ಕೂ ಬಗ್ಗದಿದ್ದ ದೆವ್ವ ತಣ್ಣೀರು ಬೆರೆಸಿದರೆ ಓಡಿಹೋಗುತ್ತದೆ.

ನನ್ನ ವಾದಕ್ಕೆ ಇದರಲ್ಲಿ ಇನ್ನೂ ಮುಖ್ಯವಾದ ಒಂದು ಅಂಶವಿದೆ. ಈ ರೋಗಿಗಳಲ್ಲಿ ಒಂದು ಸಣ್ಣ ಗುಂಪಿಗೆ ಬರುವುದು ಭಯವಲ್ಲ, ಆನಂದ. ನೀರು ಬೀಳುತ್ತಿದ್ದ ಹಾಗೆ ಇನ್ನೂ ಬೇಕು ಅನ್ನಿಸುತ್ತದೆ. ಎಚ್ಚರ ತಪ್ಪುವವರೆಗೂ ತಾವೇ ಸುರಿದುಕೊಳ್ಳುತ್ತಾರೆ. ಆ ಆನಂದ ಪಡೆದವನಿಗೆ ಅದು ಬೇರೆಲ್ಲ ಆನಂದದಷ್ಟೇ ನಿಜ. ಅದು ಎಲ್ಲಿಂದ ಪ್ರಸಾರವಾಯಿತು? ಹಂಡೆಯಿಂದ ನೆತ್ತಿಗೆ ಬಂದ ಶಾಖ, ನೆತ್ತಿಯಿಂದ ಮಿದುಳಿಗೆ ಹೋದ ಸಂಕೇತ, ಅಲ್ಲಿ ಲಯ ತಪ್ಪಿ ಒಟ್ಟೊಟ್ಟಿಗೆ ಮಿಡಿದ ನರಕೋಶಗಳು. ನಡುವೆ ಎಲ್ಲೂ ಆಕಾಶವಾಣಿಗೆ ಜಾಗವಿಲ್ಲ.

ಇಷ್ಟಕ್ಕೆ ಇನ್ನೊಂದು ಆಕ್ಷೇಪ ಸಿದ್ಧವಾಗಿರುತ್ತದೆ, ಬಹುಶಃ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸುವುದು ಅದೇ: ಇದು ಪಶ್ಚಿಮದ ಜಡವಾದ, ನಮ್ಮ ಪರಂಪರೆ ಮನಸ್ಸನ್ನು ಜಡವೆಂದು ಎಂದೂ ಒಪ್ಪಿಲ್ಲ. ಹೀಗೆ ಹೇಳುವವರು ತಾವು ಯಾವುದರ ವಕಾಲತ್ತು ವಹಿಸಿದ್ದಾರೋ ಅದನ್ನು ಓದಿಲ್ಲ ಎಂದೇ ನನ್ನ ಗುಮಾನಿ. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯ ತೆಗೆಯಿರಿ. ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಮನಸ್ಸು ಅನ್ನದಿಂದ ಆದದ್ದು ಎನ್ನುತ್ತಾನೆ. ಮಗ ಇನ್ನಷ್ಟು ವಿವರಿಸಿ ಎನ್ನುತ್ತಾನೆ. ತಂದೆ ಪ್ರವಚನ ಕೊಡುವುದಿಲ್ಲ, ಪ್ರಯೋಗ ಹೇಳುತ್ತಾನೆ: ಹದಿನೈದು ದಿನ ಊಟ ಬಿಡು, ನೀರು ಮಾತ್ರ ಕುಡಿ. ಹದಿನೈದು ದಿನ ಕಳೆದು ಬಂದವನಿಗೆ ವೇದ ಹೇಳು ಎಂದರೆ ಒಂದೂ ಹೊಳೆಯಲಿಲ್ಲ. ಹೋಗಿ ಉಂಡು ಬಂದ. ಕೇಳಿದ್ದೆಲ್ಲ ನೆನಪಿಗೆ ಬಂತು. ಒಂದು ಸಂಗತಿಯನ್ನು ತೆಗೆದು ನೋಡು, ಮರಳಿ ಇಟ್ಟು ನೋಡು ಎಂಬ ಕ್ರಮ ಇಂದಿನ ಪ್ರಯೋಗಾಲಯದ್ದೂ ಹೌದು. ಅದೇ ಅಧ್ಯಾಯ ಮುಂದೆ ಆತ್ಮದ ಮಾತಿಗೂ ಹೋಗುತ್ತದೆ, ಮುಚ್ಚಿಡುವುದಿಲ್ಲ. ಆದರೆ ನೆನಪು, ಬುದ್ಧಿ, ಸಂಕಲ್ಪಗಳನ್ನು ಅದು ಅನ್ನದ ಲೆಕ್ಕಕ್ಕೇ ಬರೆಯಿತು. ಸಾಂಖ್ಯದವರು ಇನ್ನೂ ಕಟ್ಟುನಿಟ್ಟು: ಮನಸ್ಸು, ಬುದ್ಧಿ, ಅಹಂಕಾರ ಮೂರೂ ಪ್ರಕೃತಿಯ ಪಾಲು, ಜಡ. ಸಾಕ್ಷಿಯಾಗಿರುವ ಪುರುಷ ಬೇರೆ, ಅವನು ಯೋಚಿಸುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ. ಆತ್ಮವನ್ನು ನಂಬುವವರು ನಂಬಲಿ, ಈ ಲೇಖನಕ್ಕೆ ಅದರ ಮೇಲೆ ತಕರಾರಿಲ್ಲ. ಸಿಟ್ಟು, ಮರೆವು, ಖಿನ್ನತೆ, ಜೂಜಿನ ಆಸೆಗಳನ್ನು ತಂದು ಆತ್ಮದ ತಲೆಗೆ ಕಟ್ಟುವವರ ಮೇಲೆ ತಕರಾರು.

ವಿಜಯನಗರ ಕಾಲದ ಮಾಧವಾಚಾರ್ಯರ (ದ್ವೈತದ ಮಧ್ವಾಚಾರ್ಯರಲ್ಲ) ಹೆಸರಿನಲ್ಲಿರುವ 14ನೇ ಶತಮಾನದ ಸರ್ವದರ್ಶನ ಸಂಗ್ರಹವಂತೂ ಶುರುವಾಗುವುದೇ ಚಾರ್ವಾಕರಿಂದ. ಬಿಡಿಬಿಡಿಯಾಗಿ ಅಮಲಿಲ್ಲದ ಪದಾರ್ಥಗಳು ಕೂಡಿ ಹುಳಿತಾಗ ಅಮಲು ಹುಟ್ಟುವ ಹಾಗೆ ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ ಎಂಬ ಅವರ ವಾದವನ್ನು, ತಾನು ಒಪ್ಪದಿದ್ದರೂ, ಗ್ರಂಥಕರ್ತ ನೆಟ್ಟಗೆ ಬರೆದಿಟ್ಟಿದ್ದಾನೆ. ಎದುರಾಳಿಯ ಮಾತನ್ನು ಮೊದಲು ಸರಿಯಾಗಿ ಹೇಳಬೇಕೆಂಬ ಆ ಶಿಸ್ತು ಇಂದಿನ ಪ್ರವಚನಗಳಲ್ಲಿ ಸಿಗುವುದಿಲ್ಲ.

ಉದ್ದಾಲಕನ ಪ್ರಯೋಗವನ್ನು ಬಡತನ ನಮ್ಮ ದಖ್ಖನ್ನಿನ ಮೇಲೆ ದೊಡ್ಡ ಪ್ರಮಾಣದಲ್ಲಿ ಮಾಡಿತು. ಹೈದರಾಬಾದಿನ ಪೋಷಣಾ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಪ್ರಕಟಿಸಿದ ಬರಹ ಜೋಳವನ್ನೇ ನಂಬಿ ಬದುಕುವ ಬಡವರ ಪೆಲಾಗ್ರ ಕುರಿತದ್ದು. ಜೋಳದ ರೊಟ್ಟಿಯ ಮೇಲೆ ನನ್ನ ದೂರಿಲ್ಲ, ಕಲಬುರಗಿ ಕಡೆಯ ಓದುಗರು ಸಿಟ್ಟಾಗಬಾರದು. ಬೇಳೆಯಿಲ್ಲ, ಹಾಲಿಲ್ಲ, ಪಲ್ಯವಿಲ್ಲ, ಮೂರು ಹೊತ್ತೂ ಬರೀ ಜೋಳ ಎಂಬ ಸ್ಥಿತಿಯಲ್ಲಿ ನಿಯಾಸಿನ್ ಎಂಬ ಬಿ ವಿಟಮಿನ್ ದೇಹಕ್ಕೆ ಸಾಲದೆ ಹೋಗುತ್ತದೆ. ಕತ್ತಿನ ಸುತ್ತ ಸರ ಹಾಕಿದ ಹಾಗೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿಯಾಗುತ್ತದೆ, ಆಮೇಲೆ ಮನಸ್ಸು. ನಿದ್ದೆಯಿಲ್ಲ, ಸುಮ್ಮಸುಮ್ಮನೆ ಸಿಡಿಮಿಡಿ, ಅಳು, ಮುಂದುವರಿದರೆ ಹೆಂಡತಿ ಮಕ್ಕಳ ಗುರುತು ಸಿಗದ ಭ್ರಾಂತಿ. ಅಮೆರಿಕದ ದಕ್ಷಿಣದಲ್ಲಿ ಮೆಕ್ಕೆಜೋಳ ತಿಂದು ಬದುಕುತ್ತಿದ್ದ ಬಡವರು ಇದೇ ಕಾಯಿಲೆಯಿಂದ ಹುಚ್ಚಾಸ್ಪತ್ರೆ ಸೇರುತ್ತಿದ್ದರು. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ನಿಯಾಸಿನ್ನೇ ಇದರ ಮದ್ದೆಂದು ಕಂಡುಹಿಡಿದ. ಮಾತ್ರೆ ಕೊಟ್ಟ ಕೆಲವೇ ದಿನಗಳಲ್ಲಿ ಚರ್ಮಕ್ಕಿಂತ ಮೊದಲು ಮನಸ್ಸು ತಿಳಿಯಾಗುತ್ತದೆ. ಭ್ರಾಂತಿಯಲ್ಲಿದ್ದವನು ಎದ್ದು ಕೂತು, ಯಾವ ಊರು, ಯಾವ ವಾರ ಎಂದು ಕೇಳುತ್ತಾನೆ.

ರೇಡಿಯೋದವರ ಬತ್ತಳಿಕೆಯಲ್ಲಿ ಒಂದು ಬಾಣ ನಿಜವಾಗಿಯೂ ಚೂಪಾಗಿದೆ. ನರಕೋಶ ಮಿಡಿಯುವುದು ಗೊತ್ತಾಯಿತು, ರಾಸಾಯನಿಕ ಸುರಿಯುವುದು ಗೊತ್ತಾಯಿತು. ಆದರೆ ಕೆಂಪು ಕೆಂಪಾಗಿ ಕಾಣುವುದು, ನೋವು ನೋವಾಗುವುದು ಅದರಿಂದ ಹೇಗೆ? ತತ್ತ್ವಜ್ಞ ಡೇವಿಡ್ ಚಾಮರ್ಸ್ 1990ರ ದಶಕದಲ್ಲಿ ಇದನ್ನು ಕಠಿಣ ಪ್ರಶ್ನೆ ಎಂದು ಕರೆದ. 1998ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ ಅವನೊಡನೆ ಪಂಥ ಕಟ್ಟಿದ: 25 ವರ್ಷದೊಳಗೆ ಪ್ರಜ್ಞೆಯ ಗುರುತನ್ನು ಮಿದುಳಿನಲ್ಲಿ ಸ್ಪಷ್ಟವಾಗಿ ತೋರಿಸುತ್ತೇವೆ. 2023ರಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಸೋಲೊಪ್ಪಿ ವೈನ್ ಬಾಟಲಿಗಳನ್ನು ತಂದುಕೊಟ್ಟ. ಹೌದು, ಅನುಭವ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ. ಸುಮಾರು 8,600 ಕೋಟಿ ನರಕೋಶಗಳ ಕೆಲಸಕ್ಕೆ ಅಷ್ಟು ಬೇಗ ಉತ್ತರ ಸಿಗಬೇಕಿತ್ತು ಎಂದು ನನಗೆ ಅನ್ನಿಸುವುದೂ ಇಲ್ಲ.

ಆದರೆ ಇಲ್ಲಿ ನಡೆಯುವ ಕೈಚಳಕ ನೋಡಿ. ಹೇಗೆ ಎಂಬುದು ಗೊತ್ತಿಲ್ಲ ಎಂಬುದನ್ನು ಎಲ್ಲಿ ಎಂಬುದೂ ಗೊತ್ತಿಲ್ಲ ಎಂದು ಮಾಡಿಬಿಡುತ್ತಾರೆ. ಅರಿವಳಿಕೆಯ ವೈದ್ಯರು ಪ್ರೊಪೊಫಾಲ್ ಎಂಬ ಹಾಲಿನಂಥ ಔಷಧಿಯನ್ನು ನರಕ್ಕೆ ಬಿಡುತ್ತಾರೆ, ನೀವು ಹತ್ತು ಎಣಿಸುವುದರೊಳಗೆ ಇಲ್ಲವಾಗುತ್ತೀರಿ. ಅದು ನರಕೋಶಗಳ ಮೇಲಿನ ಯಾವ ಗ್ರಾಹಿಗೆ ಅಂಟಿ ಅವನ್ನು ಸುಮ್ಮನಾಗಿಸುತ್ತದೆ ಎಂಬುದು ಗೊತ್ತಿದೆ. ಅನುಭವವನ್ನು ಪ್ರಮಾಣ ಅಳೆದು ಆರಿಸಿ ಮತ್ತೆ ಹೊತ್ತಿಸಲು ಸಾಧ್ಯವಾಗಿರುವುದು ಮಿದುಳಿನ ಮೂಲಕ. ಮೇಲೊಂದು ನಿಲಯವಿದೆ ಎನ್ನುವವರು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆಯೇ? ಆ ನಿಲಯದಲ್ಲಿ ನೋವು ನೋವಾಗುವುದು ಹೇಗೆ? ಪ್ರಸಾರ ಯಾವ ಅಲೆಯಲ್ಲಿ ಬರುತ್ತದೆ, ಮಿದುಳಿನ ಯಾವ ಭಾಗ ಅದನ್ನು ಹಿಡಿಯುತ್ತದೆ, ನನ್ನದು ನಿಮ್ಮ ತಲೆಗೆ ಯಾಕೆ ಬರುವುದಿಲ್ಲ? ಒಂದಕ್ಕೂ ಉತ್ತರವಿಲ್ಲ. ಕಠಿಣ ಪ್ರಶ್ನೆಯನ್ನು ಕಾಣದ ಊರಿಗೆ ವರ್ಗ ಮಾಡಿಸಿ ಕಡತ ಮುಚ್ಚಿದ್ದಾರೆ. ಪಂಥ ಗೆದ್ದ ಚಾಮರ್ಸ್ ಕೂಡ ಮಿದುಳಿಗೂ ಅನುಭವಕ್ಕೂ ನಿಯಮಬದ್ಧ ನಂಟಿದೆ ಎನ್ನುವವನೇ ಹೊರತು ಅದು ಬೇಕಾದಾಗ ಬಿಟ್ಟುಹೋಗುತ್ತದೆ ಎನ್ನುವವನಲ್ಲ.

ಮಿದುಳಿನ ಹೆಸರು ಹೇಳಿಕೊಂಡು ಅಂಗಡಿ ತೆರೆದವರನ್ನು ಕೂಡ ನಾನು ಸಮರ್ಥಿಸುವುದಿಲ್ಲ. ಎಡ ಮಿದುಳಿನ ಮಗು, ಬಲ ಮಿದುಳಿನ ಮಗು ಎಂದು ವಿಂಗಡಿಸುವವರು. ಮಿಡ್‌ಬ್ರೇನ್ ಆಕ್ಟಿವೇಷನ್ ಎಂದು ಸಾವಿರಗಟ್ಟಲೆ ಫೀಸು ಪಡೆದು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸಿದವರು. ಮಂಗಳೂರಿನ ನರೇಂದ್ರ ನಾಯಕ್ ಊರೂರಿಗೆ ಹೋಗಿ ಆ ಗುಟ್ಟನ್ನು ಬಯಲು ಮಾಡಿದರು: ಮಕ್ಕಳು ನೋಡುತ್ತಿದ್ದುದು ಮೂಗಿನ ಪಕ್ಕದ ಸಂದಿಯಿಂದ. ಈ ಅಂಗಡಿಯವರೂ ರೇಡಿಯೋದವರೂ ಬೇರೆ ಬೇರೆ ಪಂಗಡವೇನಲ್ಲ. ಇಬ್ಬರಿಗೂ ಮಿದುಳು ನಿಜವಾಗಿ ಮಾಡುವ ಕೆಲಸ ಬೇಕಿಲ್ಲ.

ಧ್ಯಾನದಿಂದ, ಪ್ರಾರ್ಥನೆಯಿಂದ ಮಿದುಳೇ ಬದಲಾಗುತ್ತದಲ್ಲ, ಹಾಗಾದರೆ ಮನಸ್ಸೇ ಯಜಮಾನ ಅಲ್ಲವೇ ಎಂದು ಕೇಳುತ್ತಾರೆ. ಲಂಡನ್ನಿನ ಬೀದಿಗಳನ್ನೆಲ್ಲ ಬಾಯಿಪಾಠ ಮಾಡುವ ಟ್ಯಾಕ್ಸಿ ಚಾಲಕರ ಮಿದುಳಿನಲ್ಲಿ ನೆನಪಿಗೆ ಬೇಕಾದ ಒಂದು ಭಾಗದ ಹಿಂಬದಿ ಹಿಗ್ಗಿರುವುದನ್ನು 2000ದಲ್ಲಿ ಎಲೀನರ್ ಮೆಗ್ವಾಯರ್ ತೋರಿಸಿದಳು. ಕಲಿಕೆ, ಜಪ, ಸಂಗೀತ, ಸ್ನೇಹಿತನ ಸಮಾಧಾನದ ಮಾತು ಎಲ್ಲವೂ ಮಿದುಳನ್ನು ಬದಲಿಸುತ್ತವೆ, ಏಕೆಂದರೆ ಅವೆಲ್ಲ ಮಿದುಳಿನಲ್ಲೇ ನಡೆಯುವ ಕೆಲಸಗಳು. ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡ ಮನೋರೋಗಿಗಳನ್ನು ಅಳೆದು ನೋಡಿ, ಲಕ್ಷಣಗಳು ಸುಮಾರು 20 ಪ್ರತಿಶತ ಇಳಿದವು ಎಂದು ಬರೆದರು. ಮದ್ದಿಲ್ಲ, ಮಂತ್ರವೂ ಹೆಚ್ಚಿಲ್ಲ. ಆಸರೆ ಕೊಡುವ ಜಾಗ, ದಿನಚರಿ, ಜೊತೆಗೆ ಮನೆಯವರು. ನನಗೆ ಇದರಲ್ಲಿ ಅಚ್ಚರಿಯಿಲ್ಲ. ಪಾರ್ಕಿನ್ಸನ್ ರೋಗಿಗೆ ಔಷಧಿ ಎಂದು ನಂಬಿಸಿ ಖಾಲಿ ಸೂಜಿ ಚುಚ್ಚಿದರೂ ಅವನ ಮಿದುಳಿನಲ್ಲಿ ಡೋಪಮೈನ್ ಬಿಡುಗಡೆಯಾಗುವುದನ್ನು 2001ರಲ್ಲಿ ಕೆನಡಾದವರು ಸ್ಕ್ಯಾನ್‌ನಲ್ಲಿ ಕಂಡಿದ್ದಾರೆ. ನಂಬಿಕೆಯೂ ಮಿದುಳಿನೊಳಗೇ ಕೆಲಸ ಮಾಡುತ್ತದೆ.

ಇದು ಪಂಡಿತರ ಜಗಳವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮನಸ್ಸು ಬೇರೆ ಎಂಬ ನಂಬಿಕೆ ಬೀದಿಗೆ ಇಳಿದಾಗ ಅದರ ಅರ್ಥ ಒಂದೇ: ಮಿದುಳಿಗೆ ಬಂದರೆ ಕಾಯಿಲೆ, ಮನಸ್ಸಿಗೆ ಬಂದರೆ ದೌರ್ಬಲ್ಯ. ಸಕ್ಕರೆ ಕಾಯಿಲೆಯವನಿಗೆ ಯಾರೂ ಮನಸ್ಸು ಗಟ್ಟಿ ಮಾಡಿಕೋ ಎನ್ನುವುದಿಲ್ಲ. ಖಿನ್ನತೆಯಿಂದ ಹಾಸಿಗೆ ಬಿಟ್ಟೇಳಲಾಗದ ಸೊಸೆಗೆ ಮನೆಮಂದಿಯೆಲ್ಲ ಹೇಳುವುದು ಅದನ್ನೇ. ಹೆಚ್ಚಿನ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಮಾನಸಿಕ ಕಾಯಿಲೆಯನ್ನು ಹೊರಗಿಡುವ ಒಂದು ಸಾಲು ಇರುತ್ತಿತ್ತು. ದೇಹದ ಕಾಯಿಲೆಗೆ ಸಮನಾಗಿ ಅದಕ್ಕೂ ವಿಮೆ ಕೊಡಬೇಕೆಂದು ಹೇಳಲು 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಮು ಬರಬೇಕಾಯಿತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮನೋರೋಗಗಳಲ್ಲಿ 70ರಿಂದ 92 ಪ್ರತಿಶತ ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ವೈದ್ಯರಿಲ್ಲ, ದುಡ್ಡಿಲ್ಲ, ದೂರ ಎಂಬ ಕಾರಣಗಳು ದೊಡ್ಡವೇ. ಅವುಗಳ ಪಕ್ಕದಲ್ಲಿ ಇದು ಆಸ್ಪತ್ರೆಯ ವಿಷಯವೇ ಅಲ್ಲ ಎಂಬ ಕಾರಣವೂ ಕೂತಿದೆ, ಅದಕ್ಕೆ ಬೆನ್ನೆಲುಬು ಕೊಟ್ಟವರು ಓದಿದವರು.

2007ರಲ್ಲಿ ಜೋಸೆಪ್ ಡಾಲ್ಮೌ ಎಂಬ ವೈದ್ಯ ಒಂದು ಕಾಯಿಲೆಗೆ ಹೆಸರಿಟ್ಟ. ನೆಟ್ಟಗಿದ್ದ ಹರೆಯದ ಹುಡುಗಿ ಕೆಲವೇ ದಿನಗಳಲ್ಲಿ ಅರ್ಥವಿಲ್ಲದೆ ಬಡಬಡಿಸುತ್ತಾಳೆ, ಕಿರುಚುತ್ತಾಳೆ, ಬಾಯಿ ಕೈ ವಿಚಿತ್ರವಾಗಿ ತಿರುಚುತ್ತಾಳೆ, ಆಮೇಲೆ ಕಲ್ಲಿನ ಹಾಗೆ ಕೂರುತ್ತಾಳೆ. ಮೈಮೇಲೆ ಬಂದಿದೆ ಎನ್ನದೆ ಇರುವುದು ಕಷ್ಟ. ಅವಳ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಒಂದು ಬಗೆಯ ಗ್ರಾಹಿಗಳ ಮೇಲೆ ದಾಳಿಯಿಟ್ಟಿರುತ್ತದೆ. ಎಷ್ಟೋ ಸಲ ಅದಕ್ಕೆ ಮೂಲ ಅಂಡಾಶಯದ ಒಂದು ಗೆಡ್ಡೆ. ಗೆಡ್ಡೆ ತೆಗೆದು, ಸ್ಟೀರಾಯ್ಡ್ ಕೊಟ್ಟು, ರಕ್ತದಿಂದ ಆ ಪ್ರತಿಕಾಯಗಳನ್ನು ಸೋಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ತಡವಾದರೆ ಸಾಯಬಹುದು. ಆ ವಾರಗಳನ್ನು ಗುಡಿ, ದರ್ಗಾಗಳ ಮುಂದೆ ಕಳೆಯುವ ತಾಯಿ ತಂದೆಯನ್ನು ನಾನು ಬೈಯಲಾರೆ. ಮಿದುಳು ಬರೀ ರೇಡಿಯೋ ಎಂದು ಅವರಿಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಭಾಷಣ ಮಾಡಿ ಹೋದವರನ್ನು ಬೈಯುತ್ತೇನೆ.

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದದ ರೋಗಿಗಳಿಗೆ ಲಿಥಿಯಂ ಕೊಟ್ಟ. ಅದು ಕಲ್ಲಿನಲ್ಲಿ, ಊಟೆಯ ನೀರಿನಲ್ಲಿ ಸಿಗುವ ಒಂದು ಸಾದಾ ಧಾತುವಿನ ಲವಣ. ಮನುಷ್ಯನ ಸುಖ ದುಃಖ ಅದಕ್ಕೇನು ಗೊತ್ತು? ಆದರೂ ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವವರನ್ನು ಅದು ಇಂದಿಗೂ ನೆಲದ ಮೇಲೆ ನಿಲ್ಲಿಸುತ್ತದೆ, ಆತ್ಮಹತ್ಯೆಯನ್ನು ತಗ್ಗಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಅಳೆಯುತ್ತಿರಬೇಕು, ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಮನಸ್ಸಿಗೆ ಮಾತ್ರೆ ಏಕೆ, ಅದು ಮಾತ್ರೆಗೆ ನಿಲುಕುವುದಲ್ಲ, ಬಿಟ್ಟು ಶಿಬಿರಕ್ಕೆ ಬನ್ನಿ ಎಂದು ಹೇಳುವವರ ಹತ್ತಿರ ರಕ್ತ ಪರೀಕ್ಷೆಯ ಚೀಟಿ ಇರುವುದಿಲ್ಲ. ಶಿಬಿರ ಐದೋ ಹತ್ತೋ ದಿನಕ್ಕೆ ಮುಗಿಯುತ್ತದೆ, ಕಾಯಿಲೆ ಮರುಕಳಿಸುವುದು ಅದಾದ ಎಷ್ಟೋ ವಾರಗಳ ಮೇಲೆ, ಅವರು ಇನ್ನೊಂದೂರಿನಲ್ಲಿ ರೇಡಿಯೋದ ಕಥೆ ಹೇಳುತ್ತಿರುವಾಗ.